ದೆವ್ವ ಮೊದಲು, ಅಮ್ಮ ಆಮೇಲೆ

ಅಮ್ಮ ಹೋದಾಗಿನಿಂದ ನಮ್ಮ ಮನೆಯಲ್ಲಿ ಅಪ್ಪನೂ ತಮ್ಮನೂ ನನ್ನ ಮೂಲಕವೇ ಮಾತಾಡುತ್ತಾರೆ. ಅಪ್ಪ ಮತ್ತು ನಾನು ಮಹಡಿಯ ಮೇಲೆ, ತಮ್ಮ ಮತ್ತು ಅವನ ಹೆಂಡತಿ ಕೆಳಗೆ. "ಟ್ಯಾಂಕ್ ತುಂಬಿ ಹರೀತಿದೆ, ಮೋಟರ್ ಆರಿಸೋಕೆ ಹೇಳು ಅವನಿಗೆ" ಎಂದು ಅಪ್ಪ ನನಗೆ ಹೇಳುತ್ತಾರೆ. ಅವನು ಅಲ್ಲೇ ಮೆಟ್ಟಿಲ ಬುಡದಲ್ಲಿ ನಿಂತಿರುತ್ತಾನೆ. "ಆರಿಸಿ ಆಯ್ತು ಅಂತ ಹೇಳು ಅವರಿಗೆ" ಎಂದು ಅವನು ನನಗೆ ಹೇಳುತ್ತಾನೆ. ಇಬ್ಬರ ಕಿವಿಯೂ ನೆಟ್ಟಗಿದೆ. ಆದರೂ ಒಂದೊಂದು ಮಾತನ್ನೂ ನಾನು ಹೊತ್ತುಕೊಂಡು ಮೇಲೆ ಕೆಳಗೆ ಓಡಾಡಬೇಕು, ಇಲ್ಲದಿದ್ದರೆ ಟ್ಯಾಂಕ್ ಹರಿಯುತ್ತಲೇ ಇರುತ್ತದೆ.

ನನ್ನ ಕಸುಬು ಹಲ್ಲು ಮಾಡುವುದು. ದಂತವೈದ್ಯರು ಜನರ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತೇನೆ. ದಿನವಿಡೀ ಬಾಯಿಗಳ ಮಧ್ಯೆ ಕೂತಿರುತ್ತೇನೆ, ಆದರೆ ಆ ಬಾಯಿಗಳು ಮಾತಾಡುವುದಿಲ್ಲ. ಅದೊಂದು ಪುಣ್ಯ. ಸಂಜೆ ಮನೆಯ ಮೆಟ್ಟಿಲು ಹತ್ತುವಾಗಲೇ "ಹೇಳು ಅವನಿಗೆ", "ಹೇಳು ಅವರಿಗೆ" ಶುರುವಾಗುತ್ತದೆ, ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಜಗಳಕ್ಕೆಲ್ಲ ಕಾರಣ ಒಂದು ಸಿನಿಮಾ. ತಮ್ಮನ ಕಸುಬು ಮದುವೆ, ಹುಟ್ಟುಹಬ್ಬಗಳ ವಿಡಿಯೊ ತೆಗೆಯುವುದು. ಸಾಲಾಗಿ ನಿಂತು ಹಲ್ಲು ಕಿರಿಯುವ ನೆಂಟರನ್ನು ತೆಗೆದೂ ತೆಗೆದೂ ಅವನಿಗೆ ತಲೆ ಕೆಟ್ಟಿತ್ತು. ಹೋದ ವರ್ಷದ ಕೊನೆಯ ರಜೆಯಲ್ಲಿ, ಬೆಟ್ಟದ ಮೇಲೊಂದು ಮನೆ ಗೊತ್ತು ಮಾಡಿಕೊಂಡು, ತನ್ನದೇ ಒಂದು ಸಿನಿಮಾ ತೆಗೆದ. ಹೆಸರು 'ಅಜ್ಜಿಗೆ ರಜೆ ಇಲ್ಲ'. ಒಂದು ಕುಟುಂಬ ರಜೆ ಕಳೆಯಲು ಬೆಟ್ಟದ ಮನೆಗೆ ಹೋಗುತ್ತದೆ. ಮೊದಲ ರಾತ್ರಿಯೇ ಅಜ್ಜಿ ಮಲಗಿದಲ್ಲೇ ತೀರಿಕೊಳ್ಳುತ್ತಾಳೆ. ಇಂಥ ರಜೆ ಮತ್ತೆ ಸಿಗುವುದಿಲ್ಲವೆಂದು ಮನೆಯವರು ಅಜ್ಜಿಯನ್ನು ಹಿಂದಿನ ಕೋಣೆಯಲ್ಲಿಟ್ಟು ಬಾಗಿಲು ಹಾಕಿ ರಜೆ ಮುಂದುವರಿಸುತ್ತಾರೆ. ಅಜ್ಜಿ ದೆವ್ವವಾಗಿ ಎದ್ದು ಬರುತ್ತಾಳೆ. ಬಂದವಳು ಯಾರ ಕತ್ತನ್ನೂ ಹಿಸುಕುವುದಿಲ್ಲ. ಹಾಸಿಗೆ ಗಟ್ಟಿಯಾಗಿದೆ, ಲೋಟ ಸರಿಯಾಗಿ ತೊಳೆದಿಲ್ಲ, ಒದ್ದೆ ಟವೆಲ್ ಕುರ್ಚಿಯ ಮೇಲೆ ಹಾಕಿದವರು ಯಾರು ಎಂದು ರಾತ್ರಿಯಿಡೀ ತಕರಾರು ತೆಗೆಯುತ್ತಾಳೆ. ಹೆದರಿಸಬೇಕೋ ನಗಿಸಬೇಕೋ ಸಿನಿಮಾಕ್ಕೇ ಗೊತ್ತಿಲ್ಲ. ಅದೇ ಅದರ ವಿಶೇಷ ಎನ್ನುತ್ತಾನೆ ತಮ್ಮ.

ಆ ಅಜ್ಜಿ ನಮ್ಮ ಅಮ್ಮ. ಬೇರೆ ಯಾರೂ ಸಿಗಲಿಲ್ಲ ಎಂದು ಅವನು ಕೇಳಿದ್ದಕ್ಕೆ, "ಸಿಕ್ಕಿದ್ರೂ ನಾನು ಬಿಟ್ಟುಕೊಡ್ತಿರಲಿಲ್ಲ" ಎಂದಳು. ದೆವ್ವದ ಕೋರೆಹಲ್ಲು ನಾನೇ ಮಾಡಿಕೊಟ್ಟೆ. ಅಪ್ಪನನ್ನೂ ಕರೆದರು. ಅಪ್ಪ ಮೂಗು ಮುರಿದರು. "ಇವಳು ಹಲ್ಲು ಕಟ್ಕೊಂಡು ಕುಣಿಯೋದನ್ನ ನೋಡೋಕೆ ನಾನು ಅಷ್ಟು ದೂರ ಬರಬೇಕಾ?" ಎಂದು ಮನೆಯಲ್ಲೇ ಉಳಿದರು. ಅವರಿಗೆ ಟೀ ಮಾಡಿಕೊಡಲು ಒಬ್ಬರು ಬೇಕಲ್ಲ, ನಾನೂ ಉಳಿದೆ. ಹತ್ತು ದಿನ ಬಿಟ್ಟು ಅಮ್ಮ ಗಂಟಲು ಕಟ್ಟಿಸಿಕೊಂಡು, ಕೆನ್ನೆ ಕೆಂಪಗೆ ಮಾಡಿಕೊಂಡು ವಾಪಸು ಬಂದಳು. ಅಪ್ಪನ ಮುಂದೆ ಅದರ ಸುದ್ದಿ ಎತ್ತಲಿಲ್ಲ, ಅವರೂ ಕೇಳಲಿಲ್ಲ.

ಬೇಸಿಗೆಯಲ್ಲಿ ಅಮ್ಮ ಹೋದಳು. ಸಿನಿಮಾದಲ್ಲಿ ಹೋದ ಹಾಗೆಯೇ, ರಾತ್ರಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಮನೆ ತುಂಬ ಜನ ಕೂತಿರುವಾಗ ಅಪ್ಪ ತಮ್ಮನ ಮುಖ ನೋಡಿ ಹೇಳಿದರು: "ಸಾಯೋ ಆಟ ಆಡಿಸಿದೆ. ಅವಳು ಕಲಿತುಬಿಟ್ಟಳು." ಅಷ್ಟೇ. ತಮ್ಮ ಎದ್ದು ಹೊರಗೆ ಹೋದ. ಅಪ್ಪ ಆಮೇಲೆ ಗೋಡೆಯಿಂದ ಅಮ್ಮನ ಫೋಟೊಗಳನ್ನೆಲ್ಲ ತೆಗೆದು ಬೀರುವಿನಲ್ಲಿಟ್ಟರು. ಸಿನಿಮಾವನ್ನು ಯಾರೂ ನೋಡಲಿಲ್ಲ. ನಾನೂ ಅದರ ಚೂರುಪಾರು ನೋಡಿದ್ದೆ ಅಷ್ಟೇ.

ಈಗ ತಮ್ಮ, ಊರಿನ ಆ ಕೊನೆಯಲ್ಲಿ ಬಾಡಿಗೆ ಮನೆ ನೋಡಿದ್ದ. ಈ ವರ್ಷದ ಕೊನೆಯ ರಜೆ ಮುಗಿಯುತ್ತಲೇ ಹೋಗುತ್ತೇನೆ ಎಂದ. "ನನ್ನನ್ನ ಕೊಲೆಗಾರ ಅಂತ ತಿಳ್ಕೊಂಡಿರೋರ ಜೊತೆ ನಾನ್ಯಾಕಿರಲಿ ಅಕ್ಕ?" ಎಂದು ಕೇಳಿದ. ಅವನು ಒಂದು ಸಲ ಹೊರಟನೆಂದರೆ ಇಬ್ಬರೂ ಸಾಯುವವರೆಗೆ ಮಾತಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಟದಲ್ಲಿ ಅಪ್ಪನ ಪಡಿಯಚ್ಚು ಅವನು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಹಾಗಾಗಿ ನಾನೇ ಒಂದು ಉಪಾಯ ಹೂಡಿದೆ. ನಾನು ಊರಿನ ಫಿಲ್ಮ್ ಕ್ಲಬ್ಬಿನ ಕಾರ್ಯದರ್ಶಿ. ವರ್ಷದ ಕೊನೆಯ ರಜೆಯಲ್ಲಿ ಒಂದು ಭಾನುವಾರ ಕ್ಲಬ್ಬಿನಲ್ಲಿ ಏನಾದರೂ ವಿಚಿತ್ರವಾದ ಸಿನಿಮಾ ತೋರಿಸುವ ರೂಢಿ. ಈ ಸಲ ತಮ್ಮನ ಸಿನಿಮಾ ಹಾಕೋಣ ಎಂದೆ. ಸಿನಿಮಾ ನೋಡಿ ಮನುಷ್ಯರು ಸುಧಾರಿಸಿದ್ದನ್ನು ನಾನು ಕಂಡಿಲ್ಲ, ಕ್ಲಬ್ಬಿನಲ್ಲಿ ಇಷ್ಟು ವರ್ಷವಿದ್ದೂ ಕಂಡಿಲ್ಲ. ಆದರೆ ಅಮ್ಮ ಆ ಬೆಟ್ಟದ ಮನೆಯಲ್ಲಿ ಎಷ್ಟು ಖುಷಿಯಾಗಿದ್ದಳೆಂದು ಅಪ್ಪ ಕಣ್ಣಾರೆ ನೋಡಿದರೆ ಸಾಕಿತ್ತು. ಮನೆಯಲ್ಲಿ ಅವರು ನೋಡುವ ಪೈಕಿಯಲ್ಲ. ಕ್ಲಬ್ಬಿಗಾದರೆ ಬರುತ್ತಾರೆ, ಅವರೂ ಅಮ್ಮನೂ ಅಲ್ಲಿನ ಹಳೆಯ ಸದಸ್ಯರು.

ಅಪ್ಪ ನಿವೃತ್ತ ಲಿಫ್ಟ್ ಮೆಕ್ಯಾನಿಕ್. ಯಾವ ಮಾತನ್ನೂ ಎರಡೆರಡು ಸಲ ಎಳೆದು ನೋಡಿಯೇ ಒಪ್ಪಿಕೊಳ್ಳುವವರು. "ಅವಳು ಸಾಯೋದು ಯಾವಾಗ?" ಎಂದು ಕೇಳಿದರು.

"ಇಂಟರ್‌ವಲ್ ಆದ ತಕ್ಷಣ. ಮೊದಲ ಅರ್ಧದಲ್ಲಿ ಅವಳಿಗೆ ಏನೂ ಆಗಲ್ಲ."

"ಹಾಗಾದ್ರೆ ಇಂಟರ್‌ವಲ್‌ವರೆಗೆ ಕೂತಿರ್ತೀನಿ. ಆಮೇಲೆ ಒಂದು ನಿಮಿಷಾನೂ ಇರಲ್ಲ. ಸತ್ತಿರೋ ಮುಖ ಒಂದು ಸಲ ನೋಡಿದ್ದು ಸಾಕು."

"ಆಯ್ತು. ಮಾತು ಕೊಡ್ತೀನಿ" ಎಂದೆ.

ಕೆಳಗಿಳಿದು ಬಂದರೆ ತಮ್ಮ ಬಾಗಿಲಲ್ಲೇ ಕಾಯುತ್ತಿದ್ದ. "ಬರ್ತಾರಂತಾ? ಬರಲಿ. ಆದ್ರೆ ಅರ್ಧಕ್ಕೆ ಎದ್ದು ಹೋದ್ರೆ ನಾನು ಮಾರನೇ ದಿನಾನೇ ಸಾಮಾನು ಕಟ್ತೀನಿ. ಹೇಳು ಅವರಿಗೆ." ನಾನು ಅದನ್ನು ಹೇಳಲಿಲ್ಲ. ಮೊದಲ ಅರ್ಧದಲ್ಲೇ ಅಪ್ಪ ಕರಗಿಬಿಡುತ್ತಾರೆಂದು ನಂಬಿಕೊಂಡು, ಅಡಕತ್ತರಿಯಲ್ಲಿ ಕತ್ತು ಇಟ್ಟವಳಂತೆ ಭಾನುವಾರಕ್ಕೆ ಕಾದೆ.

ನಮ್ಮ ಕ್ಲಬ್ಬಿನ ಹಾಲ್ ಇರುವುದು ಒಂದು ಡ್ರೈವಿಂಗ್ ಸ್ಕೂಲಿನ ಮೇಲೆ. ಕಿಟಕಿಗಳಿಗೆ ಬಾಗಿಲಿದೆ, ಆದರೆ ಒಂದೂ ಪೂರ್ತಿ ಮುಚ್ಚುವುದಿಲ್ಲ. ಪ್ರತಿ ಸಲ ಸ್ಟೂಲ್ ಹತ್ತಿ ಕಪ್ಪು ಬಟ್ಟೆಗೆ ಪಿನ್ನು ಚುಚ್ಚುವ ಭಾಗ್ಯ ಕಾರ್ಯದರ್ಶಿಯದು. ಕೆಳಗಿನಿಂದ ಗೇರ್ ಬದಲಿಸಲು ಒದ್ದಾಡುವ ಕಾರಿನ ಸದ್ದು ಬರುತ್ತಿರುತ್ತದೆ. ಮಡಚುವ ಕುರ್ಚಿಗಳು ಯಾರಾದರೂ ಮಿಸುಕಿದರೆ ಕಿರುಗುಟ್ಟುತ್ತವೆ.

ಕ್ಲಬ್ಬಿನ ಅಧ್ಯಕ್ಷರು ಬಸ್ ಡಿಪೊದಲ್ಲಿ ವೇಳೆ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಅವರದ್ದೊಂದು ಕಟ್ಟುನಿಟ್ಟಿನ ನಿಯಮ: ದೀಪ ಆರಿದ ಮೇಲೆ ಸಿನಿಮಾ ನಿಲ್ಲಿಸುವ ಹಾಗಿಲ್ಲ. ಹಿಂದೆ ಒಮ್ಮೆ ಯಾರದೋ ಸಂದೇಹ ಪರಿಹರಿಸಲು ನಿಲ್ಲಿಸಿ, ಜಗಳ ಹತ್ತಿ, ಕ್ಲಬ್ಬೇ ಒಡೆಯುವ ಹಾಗಾಗಿತ್ತು. ಅವತ್ತಿನಿಂದ ಯಾರಿಗಾದರೂ ಮೂರ್ಛೆ ಬಂದರೂ ಹೊರಗೆ ಎತ್ತಿಕೊಂಡು ಹೋಗಬೇಕೇ ಹೊರತು ಸಿನಿಮಾ ನಿಲ್ಲುವುದಿಲ್ಲ. ಪ್ರೊಜೆಕ್ಟರ್ ನೋಡಿಕೊಳ್ಳುವುದು ನಮ್ಮ ಸೋದರಮಾವ, ಅಮ್ಮನ ತಮ್ಮ. ಅದನ್ನು ಬೇರೆಯವರು ಮುಟ್ಟಿದರೆ ಅವನು ಊಟ ಬಿಡುತ್ತಾನೆ. ಆ ಯಂತ್ರ ಹಳೆಯದು, ಬೇಗ ಕಾಯುತ್ತದೆ. ಅದಕ್ಕೇ ಯಾವ ಸಿನಿಮಾವನ್ನಾದರೂ ಎರಡು ಭಾಗ ಮಾಡಿ ಎರಡು ಪೆನ್ ಡ್ರೈವಿನಲ್ಲಿ ಕೊಡಬೇಕು, ಮಧ್ಯೆ ಯಂತ್ರ ಆರುವವರೆಗೆ ನಾವು ಟೀ ಕುಡಿಯಬೇಕು. ಇವರಿಬ್ಬರು ಸಾಲದೆಂದು ಪದರಪ್ಪ ಇದ್ದಾನೆ. ಪತ್ರಿಕೆಗೆ ವಿಮರ್ಶೆ ಬರೆಯುವವನು. ಯಾವ ಸಿನಿಮಾ ನೋಡಿದರೂ "ಇದರಲ್ಲಿ ಪದರಗಳಿವೆ" ಎನ್ನುವುದರಿಂದ ಅವನಿಗೆ ಆ ಹೆಸರು ಬಿದ್ದಿದೆ.

ಭಾನುವಾರ ಮಧ್ಯಾಹ್ನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಬಂದವರು ಸಾಲಿನ ಕೊನೆಯಲ್ಲಿ, ಗೋಡೆಗೆ ಒತ್ತಿ ಕೂತರು. ನಾನು ಪಕ್ಕದಲ್ಲಿ ಕೂತೆ. ತಮ್ಮ ಹಿಂದಿನ ಗೋಡೆಗೆ ಒರಗಿ ಕೈಕಟ್ಟಿ ನಿಂತ. ಅಧ್ಯಕ್ಷರು ಎದ್ದು, ಹಾಸ್ಯವೆಂದರೇನು, ಭಯವೆಂದರೇನು, ರಜೆಯೆಂದರೇನು ಎಂದು ಕೊರೆದರು. ನಾನು ಮೂರು ಸಲ ಗಡಿಯಾರ ತೋರಿಸಿದ ಮೇಲೆ ಕೂತರು. ದೀಪ ಆರಿತು.

ಪರದೆ ಕತ್ತಲಾಗಿತ್ತು. ಕತ್ತಲಲ್ಲಿ ಒಂದು ಕಿರುಚಾಟ. ಟೀ ಕಪ್ ಬಿದ್ದು ಒಡೆದ ಸದ್ದು. ಪರದೆಯಲ್ಲಿ ಬೆಳಕು ಮೂಡಿದರೆ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು "ಅಜ್ಜಿ ಏಳ್ತಿಲ್ಲ" ಎನ್ನುತ್ತಿದ್ದಳು. ಹಾಸಿಗೆಯ ಮೇಲೆ ಅಮ್ಮ ಕಣ್ಣುಮುಚ್ಚಿ ಮಲಗಿದ್ದಳು.

ಇದು ಎರಡನೆಯ ಅರ್ಧ. ಅಪ್ಪನ ಕಡೆ ನೋಡುವ ಧೈರ್ಯ ಬರಲಿಲ್ಲ. ಬಗ್ಗಿಕೊಂಡು, ಜನರ ಮೊಣಕಾಲು ಎಡವಿಕೊಂಡು ಮಾವನ ಹತ್ತಿರ ಓಡಿದೆ.

"ಮಾವ, ಹಿಂದುಮುಂದು ಹಾಕಿದ್ದೀಯ. ಇದು ಆಮೇಲೆ ಬರಬೇಕಾದ್ದು."

"ನಾನೇನು ಇವತ್ತು ನಿನ್ನೆ ಸಿನಿಮಾ ನೋಡ್ತಿರೋನಾ?" ಎಂದು ಮಾವ ಪಿಸುಗುಟ್ಟಿದ. "ಬೆಳಿಗ್ಗೆ ಎರಡನ್ನೂ ಹಾಕಿ ಶುರು ಮಾತ್ರ ನೋಡಿದೆ. ಒಂದರಲ್ಲಿ ಜನ ವ್ಯಾನಿಂದ ಚೀಲ ಇಳಿಸ್ತಿದ್ದಾರೆ. ಇನ್ನೊಂದರಲ್ಲಿ ಕತ್ತಲೆ, ಕಿರುಚಾಟ. ನಮ್ಮ ಕ್ಲಬ್ಬಲ್ಲಿ ಯಾವ ಸಿನಿಮಾನಾದ್ರೂ ಚೀಲ ಇಳಿಸೋದ್ರಿಂದ ಶುರುವಾಗಿದೆಯಾ? ಮೊದಲು ಸಾವು, ಆಮೇಲೆ ಹಳೇ ಕತೆ. ಅಷ್ಟೂ ಗೊತ್ತಾಗಲ್ವಾ ನನಗೆ?"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕಂಡಕಂಡ ದೇಶದ ಸಿನಿಮಾಗಳನ್ನು ವರ್ಷಗಟ್ಟಲೆ ನೋಡಿ ಈ ಮನುಷ್ಯನಿಗೆ ನೇರವಾಗಿ ಹೇಳಿದ ಕತೆಯ ಮೇಲೆ ನಂಬಿಕೆಯೇ ಹೋಗಿದೆ. ತಮ್ಮನಾದರೂ ಪೆನ್ ಡ್ರೈವಿನ ಮೇಲೆ ಒಂದು ಗುರುತು ಹಾಕಬಾರದಿತ್ತೇ? "ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ" ಎಂದು ಹಾಗೇ ಕೊಟ್ಟಿದ್ದನಂತೆ. ಅವನು ಅಷ್ಟರಲ್ಲಿ ನಮ್ಮ ಹತ್ತಿರ ಬಂದಿದ್ದ. "ನಿಲ್ಲಿಸು ಮಾವ" ಎಂದ. ಅಧ್ಯಕ್ಷರು ಕತ್ತಲಲ್ಲೇ ಎದ್ದು ಬಂದು ಪ್ರೊಜೆಕ್ಟರಿಗೆ ಅಡ್ಡ ನಿಂತರು. ಅವರ ತಲೆಯ ನೆರಳು ಅಮ್ಮನ ಹಾಸಿಗೆಯ ಮೇಲೆ ಬಿತ್ತು. "ನಿಲ್ಲಿಸೋ ಹಾಗಿಲ್ಲ" ಎಂದರು.

ಅವರನ್ನು ಪಕ್ಕಕ್ಕೆ ದೂಡಿ ನಾನೇ ನಿಲ್ಲಿಸಬಹುದಿತ್ತು. ಆದರೆ ಈಗ ದೀಪ ಹಾಕಿದರೆ ಅಪ್ಪ ಎದ್ದು ಹೋಗುತ್ತಾರೆ. ಸತ್ತಿರುವ ಮುಖವೊಂದನ್ನೇ ನೋಡಿ, ಅದನ್ನೇ ಕಣ್ಣಲ್ಲಿಟ್ಟುಕೊಂಡು ಹೋಗುತ್ತಾರೆ, ಮತ್ತೆ ಈ ಜನ್ಮದಲ್ಲಿ ಬರುವುದಿಲ್ಲ. ಓಡಲಿ ಎಂದೆ. ತಮ್ಮ ನನ್ನನ್ನು ತಿಂದುಬಿಡುವ ಹಾಗೆ ನೋಡಿ ಗೋಡೆಯ ಕಡೆ ಹೋದ.

ನಾನು ವಾಪಸು ಬಂದು ಕೂತೆ. ಅಪ್ಪ ಮುಷ್ಟಿ ಬಿಗಿದು ಪರದೆಯನ್ನೇ ನೋಡುತ್ತಿದ್ದರು.

"ಅಪ್ಪ, ಎದ್ದು ಹೋಗೋದಾದ್ರೆ..." ಎಂದೆ.

"ಇಂಟರ್‌ವಲ್‌ವರೆಗೆ ಇರ್ತೀನಿ ಅಂದಿದ್ದೀನಿ" ಎಂದರು. "ಮಾತು ತಪ್ಪೋದು ನಿನಗಿರಬಹುದು, ನನಗಿಲ್ಲ."

ಕೊಟ್ಟ ಮಾತಿಗೆ ತಪ್ಪದ ಮನುಷ್ಯ, ಅದೇ ಅವರಿಗೆ ಅಂಟಿದ ದೊಡ್ಡ ರೋಗ. ಹಿಂಸೆಯಾಗುತ್ತಿದ್ದರೂ ಕೂತರು. ಪರದೆಯಲ್ಲಿ ಮನೆಯವರು ಅಜ್ಜಿಯ ಮುಖದ ಮೇಲೆ ಹೊದಿಕೆ ಎಳೆದರು, ಅಪ್ಪ ಕೂತಿದ್ದರು. ಹಿಂದಿನ ಕೋಣೆಯ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟರು, ಅಪ್ಪ ಕೂತಿದ್ದರು. ಅವರ ಉಸಿರಾಟ ನನಗೆ ಕೇಳಿಸುತ್ತಿತ್ತು. ಪಾಪ ಎನ್ನಿಸಿತು, ಅವರ ಕೈ ಹಿಡಿದುಕೊಳ್ಳೋಣವೆಂದರೆ ಆ ಮುಷ್ಟಿ ಬಿಚ್ಚುವ ಹಾಗಿರಲಿಲ್ಲ.

ಆಮೇಲೆ ಬಾಗಿಲು ತೆರೆದು ದೆವ್ವ ಬಂತು. ಬಿಳಿ ನೈಟಿ, ಕೆದರಿದ ಕೂದಲು, ನಾನು ಮಾಡಿದ ಕೋರೆಹಲ್ಲು. ಕೂತವರಲ್ಲಿ ಯಾರೋ ಹೆದರಿ ಉಸಿರೆಳೆದುಕೊಂಡರು. ದೆವ್ವ ನೇರವಾಗಿ ಅಡುಗೆಮನೆಗೆ ಹೋಗಿ, ಲೋಟವೊಂದನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, "ಇದನ್ನ ತೊಳೆದಿದ್ದಾ, ಬರೀ ನೆನೆಸಿದ್ದಾ?" ಎಂದು ಕೇಳಿತು. ಜನ ಗೊಳ್ಳೆಂದು ನಕ್ಕರು. ಅದು ಅಮ್ಮನ ಮಾತೇ. ಅದಕ್ಕೆ ಯಾರೂ ಸಂಭಾಷಣೆ ಬರೆದುಕೊಟ್ಟಿರಲಿಲ್ಲ.

ಅಪ್ಪ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ವಾಲಿ ಕೇಳಿದರು: "ಹಲ್ಲು ನಿನ್ನದಾ?"

"ಹೌದು."

"ಸಡಿಲ ಇದೆ."

"ಅವಳೇ ಸಡಿಲ ಮಾಡಿಸ್ಕೊಂಡಳು. ಹಾಕ್ಕೊಂಡೇ ಟೀ ಕುಡೀಬೇಕು ಅಂತ."

ಅಪ್ಪ ಪರದೆಗೆ ತಿರುಗಿದರು. ಅರ್ಧ ಮುಗಿಯಿತು. ದೆವ್ವವೇ ಎಲ್ಲರ ಬಟ್ಟೆಬರೆ ಚೀಲಕ್ಕೆ ತುಂಬಿ ಮನೆಯವರನ್ನು ಊರಿಗೆ ಹೊರಡಿಸಿತು. 'ಮುಗಿಯಿತು' ಎಂದು ಬಂತು, ಕೆಲಸ ಮಾಡಿದವರ ಹೆಸರುಗಳೆಲ್ಲ ಸಾಲಾಗಿ ಬಂದವು. ಯಾವ ನೆಟ್ಟಗಿನ ಜನರಾದರೂ ಇಷ್ಟು ಹೊತ್ತಿಗೆ ಏನೋ ಎಡವಟ್ಟಾಗಿದೆ ಎಂದು ತಿಳಿದುಕೊಳ್ಳುತ್ತಿದ್ದರು. ನಮ್ಮವರು ಚಪ್ಪಾಳೆ ತಟ್ಟಿದರು. ದೀಪ ಹತ್ತಿದ್ದೇ ತಡ ಪದರಪ್ಪ ತಮ್ಮನ ಹೆಗಲ ಮೇಲೆ ಕೈ ಹಾಕಿದ. "ಸಿನಿಮಾನ ಮುಗಿಸಿಬಿಟ್ಟು ಆಮೇಲೆ ಇಂಟರ್‌ವಲ್ ಬಿಡೋದು, ಎಂಥಾ ಧೈರ್ಯ ರೀ ನಿಮ್ಮದು. ಎಷ್ಟು ಪದರ..." ತಮ್ಮ ಆ ಕೈಯನ್ನು ತೆಗೆದು ಅವನಿಗೇ ವಾಪಸು ಕೊಟ್ಟ ಹಾಗೆ ಸರಿಸಿ, ಎದ್ದು ಮಾವನ ಕಡೆ ಹೊರಟಿದ್ದ ನನ್ನ ಹತ್ತಿರ ಬಂದ.

"ನಾನು ಬೇಕಂತ ಮಾಡಿದ್ದಲ್ಲ ಅಂತ ಹೇಳು ಅವರಿಗೆ" ಎಂದ. "ಅವರಿಗೆ ಹಿಂಸೆ ಆಗ್ಲಿ ಅಂತ ಸಾವು ಮೊದಲು ಹಾಕಿಸಿದೆ ಅಂದ್ಕೋತಾರೆ. ಹೇಳು ಅಕ್ಕ."

ಅಪ್ಪ ನಮ್ಮಿಂದ ನಾಲ್ಕು ಕುರ್ಚಿಯಾಚೆ ಎದ್ದು ನಿಂತಿದ್ದರು. ನನಗೆ ಇಷ್ಟು ತಿಂಗಳಿಂದ ಕಟ್ಟಿಕೊಂಡಿದ್ದೆಲ್ಲ ಒಮ್ಮೆಲೇ ನೆತ್ತಿಗೇರಿತು.

"ನಾನು ಹೇಳಲ್ಲ" ಎಂದೆ. "ಬಾಯಿ ನಿನಗಿದೆ, ಕಿವಿ ಅವರಿಗಿದೆ. ಇಬ್ಬರ ಮಧ್ಯೆ ಹೊತ್ತೂ ಹೊತ್ತೂ ನನ್ನ ಹೆಗಲು ಬಿದ್ದುಹೋಗಿದೆ. ಅಮ್ಮ ನನಗೂ ಅಮ್ಮನೇ. ಅವಳು ಹೋದಮೇಲೆ ಒಂದು ದಿನ ಕೂತು ಅಳೋಕೆ ಬಿಟ್ಟಿಲ್ಲ ನೀವಿಬ್ಬರು."

ಟೀ ಹಂಚುತ್ತಿದ್ದ ಅಧ್ಯಕ್ಷರು ಕೆಟಲ್ ಹಿಡಿದು ನಿಂತಲ್ಲೇ ನಿಂತರು. ತಮ್ಮ ತಲೆ ತಗ್ಗಿಸಿದ. ಅಪ್ಪ ನನ್ನ ಮಾತು ಕೇಳಿಸಿಕೊಂಡರು, ಆದರೂ ಬಾಗಿಲ ಕಡೆ ಹೊರಟರು. ಇಂಟರ್‌ವಲ್ ಬಂದಿತ್ತಲ್ಲ, ಅವರ ಮಾತು ಮುಗಿದಿತ್ತು. ನಾನು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಮಾತು ಕೊಟ್ಟಿದ್ದೆ ನೀನು" ಎಂದರು ಅಪ್ಪ.

"ಕೊಟ್ಟಿದ್ದೆ, ತಪ್ಪಿದೆ. ನಿಮ್ಮ ಭಾವಮೈದ ಎರಡನೇದನ್ನ ಮೊದಲು ಹಾಕಿದ್ದಾನೆ. ಯಾರೂ ಬೇಕಂತ ಮಾಡಿದ್ದಲ್ಲ."

ಹೇಳುವುದಿಲ್ಲ ಎಂದವಳು ಹೇಳಿಯೇಬಿಟ್ಟೆ, ನನ್ನ ಹಣೆಬರಹ.

ಅಪ್ಪ ಯೋಚಿಸಿದರು. "ಅಂದ್ರೆ?"

"ಅಂದ್ರೆ ಅವಳು ಬದುಕಿರೋದು ಇನ್ನು ಮೇಲೆ."

"ಪೂರ್ತಿನಾ?"

"ಪೂರ್ತಿ."

"ಮತ್ತೆ ಸಾಯಲ್ಲ?"

"ಸಾಯೋದು ಮುಗೀತಲ್ಲಪ್ಪ" ಎಂದೆ.

ಅಪ್ಪ ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಕೆಳಗೆ ಯಾರೋ ಕಾರು ಕಲಿಯುವವರು ಎಂಜಿನ್ ಆಫ್ ಮಾಡಿಕೊಂಡು ಮತ್ತೆ ಸ್ಟಾರ್ಟ್ ಮಾಡಿದರು. ಅಪ್ಪ ತಿರುಗಿ ಹೋಗಿ ಮೊದಲಿದ್ದ ಜಾಗದಲ್ಲೇ ಕೂತರು. ಟೀ ಬೇಡವೆಂದರು.

ದೀಪ ಆರಿತು. ಪರದೆಯಲ್ಲಿ ಬೆಳಗಾಗಿತ್ತು. ವ್ಯಾನಿನಿಂದ ಚೀಲಗಳನ್ನು ಇಳಿಸುತ್ತಿದ್ದರು. ಕೊನೆಯಲ್ಲಿ ಅಮ್ಮ ಇಳಿದಳು. ಸೊಂಟಕ್ಕೆ ಕೈಕೊಟ್ಟು ಆ ಮನೆಯನ್ನು ಮೇಲಿಂದ ಕೆಳಗೆ ನೋಡಿ, "ಫೋಟೊದಲ್ಲಿ ಇದಕ್ಕಿಂತ ದೊಡ್ಡದಾಗಿತ್ತು" ಎಂದಳು. ಹಾಲಿನಲ್ಲಿ ನಗು ಎದ್ದಿತು, ಎದ್ದದ್ದು ಅರ್ಧಕ್ಕೇ ನಿಂತಿತು. ಅವಳು ಇವತ್ತು ರಾತ್ರಿ ಹೋಗುತ್ತಾಳೆಂದು ಈಗ ಎಲ್ಲರಿಗೂ ಗೊತ್ತಿತ್ತಲ್ಲ. ಮೊದಲ ಸಲ ಪದರಪ್ಪನ ಬಾಯಿಂದ ಏನೂ ಹೊರಡಲಿಲ್ಲ.

ಅಮ್ಮ ಹಾಸಿಗೆಯನ್ನು ಒತ್ತಿ ನೋಡಿದಳು. ಕಿಟಕಿಯ ಪರದೆ ಒದರಿ ಧೂಳಿಗೆ ಸೀನಿದಳು. ಸೊಸೆಯ ಜೊತೆ ಟವೆಲ್ ವಿಷಯಕ್ಕೆ ಜಗಳವಾಡುವ ದೃಶ್ಯದಲ್ಲಿ ಮಾತು ಮರೆತು, ಕ್ಯಾಮರಾವನ್ನೇ ನೋಡಿ, "ಲೋ, ಇಲ್ಲಿ ನಾನು ನಗಬೇಕಾ, ಬಯ್ಯಬೇಕಾ?" ಎಂದು ಕೇಳಿದಳು. ತಮ್ಮ ಅದನ್ನು ಕತ್ತರಿಸದೆ ಹಾಗೇ ಇಟ್ಟಿದ್ದ. ಕೇಳಿದವಳೇ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಸೊಸೆಯ ಭುಜಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ನನ್ನ ಪಕ್ಕದಲ್ಲಿ ಒಂದು ಸದ್ದಾಯಿತು. ಅಪ್ಪ ನಗುತ್ತಿದ್ದರು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ಕುರ್ಚಿ ಕಿರುಗುಟ್ಟುವ ಹಾಗೆ ನಗುತ್ತಿದ್ದರು. ಆಮೇಲೆ ನಗು ನಿಂತಿತು, ಕೈ ಮಾತ್ರ ಬಾಯಿಯ ಮೇಲೇ ಉಳಿಯಿತು. ನಾನು ಅತ್ತುಬಿಟ್ಟೆ. ಕತ್ತಲಿತ್ತು, ಯಾರೂ ಏನನ್ನೂ ಹೇಳಿ ಕಳಿಸುತ್ತಿರಲಿಲ್ಲ, ಬೇಕಾದಷ್ಟು ಅತ್ತೆ.

ಕೊನೆಗೆ ಪರದೆಯಲ್ಲಿ ರಾತ್ರಿಯಾಯಿತು. ಅಜ್ಜಿ ಮಲಗಿದಳು. ಮಗನ ಪಾತ್ರದಲ್ಲಿದ್ದ ತಮ್ಮ ಬಂದು ಅವಳ ಹೊದಿಕೆ ಸರಿಮಾಡಿ, ದೀಪದ ಸ್ವಿಚ್ಚಿಗೆ ಕೈ ಹಾಕಿದ.

"ನಾಳೆ ಬೇಗ ಎಬ್ಬಿಸೋ" ಎಂದಳು ಅಮ್ಮ. "ನನ್ನ ಬಿಟ್ಟು ಎಲ್ಲಿಗೂ ಹೋಗಬೇಡಿ."

"ಎಬ್ಬಿಸ್ತೀನಮ್ಮ."

ದೀಪ ಆರಿತು. ಪರದೆಯೂ ಕತ್ತಲಾಯಿತು. ಹೆಸರುಗಳು ಬರಲಿಲ್ಲ, 'ಮುಗಿಯಿತು' ಎಂದು ಬರಲಿಲ್ಲ, ಅವೆಲ್ಲ ಆಗಲೇ ಬಂದುಹೋಗಿದ್ದವು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಒಂದು ಕುರ್ಚಿಯೂ ಸದ್ದು ಮಾಡಲಿಲ್ಲ. ಮಾವ ದೀಪ ಹಾಕುವುದನ್ನು ಮರೆತು ಯಂತ್ರದ ಪಕ್ಕದಲ್ಲಿ ಮೂಗು ಸೀಟುತ್ತಿದ್ದ. ಅವನಿಗೆ ಅವಳು ಅಕ್ಕ.

ಕತ್ತಲಲ್ಲೇ ಅಪ್ಪ ಹಿಂದಕ್ಕೆ ತಿರುಗಿದರು.

"ಲೋ" ಎಂದರು. "ಇಲ್ಲಿ ಬಾ."

ಹಿಂದಿನ ಗೋಡೆಯ ಕಡೆಯಿಂದ ಹೆಜ್ಜೆ ಸದ್ದು ಹತ್ತಿರ ಬಂತು. ಮಾವ ಆಗ ದೀಪ ಹಾಕಿದ. ತಮ್ಮ ಬಂದು ನಮ್ಮ ಸಾಲಿನ ಪಕ್ಕದಲ್ಲಿ ನಿಂತಿದ್ದ, ಕಣ್ಣು ಕೆಂಪಾಗಿತ್ತು. ಅಧ್ಯಕ್ಷರು ಎದ್ದು ಗಂಟಲು ಸರಿಮಾಡಿಕೊಂಡು "ಈಗ ಚರ್ಚೆ..." ಎಂದರು. "ಕೂತ್ಕೊಳ್ಳಿ ಸಾರ್" ಎಂದೆ. ಅವರು ಕೂತರು.

ಅಪ್ಪ ತಮ್ಮನ ಮುಖ ನೋಡಲಿಲ್ಲ. ಖಾಲಿ ಪರದೆಯನ್ನು ನೋಡುತ್ತ ಕೇಳಿದರು: "ಅಲ್ಲಿ ಅವಳು ದಿನಾ ಹೀಗೇ ನಗ್ತಿದ್ಲಾ?"

"ಹೂಂ."

"ನಾನೂ ಬರಬೇಕಾಗಿತ್ತು" ಎಂದರು ಅಪ್ಪ. "ಕರೆದಳು. ಎರಡು ಸಲ ಕರೆದಳು. ನಾನು ಹೋಗಲಿಲ್ಲ. ಆ ಸಿಟ್ಟೆಲ್ಲ ನಿನ್ನ ಮೇಲೆ ಹಾಕಿದೆ."

ಅಪ್ಪ ಮತ್ತೆ ಕೇಳಿದರು, ಈ ಸಲ ಅವನ ಕಡೆ ತಿರುಗಿ: "ನಾನು ಬರಲಿಲ್ಲ ಅಂತ ಅವಳು ಏನಾದ್ರೂ ಅಂತಿದ್ಲಾ?"

ಆ ಹತ್ತು ದಿನ ಅವಳ ಜೊತೆ ಇದ್ದವನು ಅವನು. ಒಂದು ಸುಳ್ಳು ಹೇಳಿಬಿಡೋ, ನಿಮ್ಮನ್ನೇ ನೆನೆಸಿಕೊಳ್ಳುತ್ತಿದ್ದಳು ಎನ್ನೋ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ.

"ಬಯ್ತಿದ್ಲು" ಎಂದ ತಮ್ಮ. "ದಿನಾ ಬಯ್ತಿದ್ಲು."

"ಏನಂತ?"

"ಬೇಡಪ್ಪ. ಹೇಳಿದ್ರೆ ನೀವು ಬೇಜಾರು ಮಾಡ್ಕೋತೀರ."

"ಮಾಡ್ಕೋತೀನಿ" ಎಂದರು ಅಪ್ಪ. "ಹೇಳು."

ತಮ್ಮ ಒಂದು ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತ. ಮೂಗು ಒರೆಸಿಕೊಂಡ. ಮೊದಲ ದಿನದಿಂದ ಶುರು ಮಾಡಿದ.